ಮೀಸಲಕ್ಕಿಯ ಚೀಲ

ಸೊಲ್‌ಸೊಮ್ ದ್ವೀಪ
ಮಾರ್ಚ್ ೪, ೧೯೮೪

ಸೊಸೆ ಇನ್‌ಸುಕ್‌ಗೆ,

ಕರ್ತನ ಕೃಪೆಯಿಂದ ಇಲ್ಲಿ ನಾನು ಕ್ಷೇಮ. ನೀನೂ ಕ್ಷೇಮವೆಂದೇ ಅಂದುಕೊಂಡಿದ್ದೇನೆ. ಹೊಸ ವರ್ಷಕ್ಕೆ ಬಂದು ಹೋಗಿ ತಿಂಗಳಾಯಿತು, ಬೂಸಾನ್ ಮುಟ್ಟಿದೆ ಎಂದು ಒಂದು ಸಾಲು ಬರೆಯಲೂ ನಿನಗೆ ಕೈ ಬರಲಿಲ್ಲ. ಚಪ್ಪಲಿ ಕಾರ್ಖಾನೆಯಲ್ಲಿ ದಿನವಿಡೀ ಕೈಗೆ ಅಂಟು ಮೆತ್ತಿಕೊಂಡಿರುತ್ತದೆ, ಕಾಗದ ಹಿಡಿದರೆ ಬಿಡುವುದಿಲ್ಲ ಎಂದು ಮಾಲ್‌ಸುನ್ ಅಕ್ಕ ನಿನ್ನ ಪರವಾಗಿ ವಾದ ಮಾಡಿದಳು. ಅವಳಿಗೆ ನಿನ್ನನ್ನು ಕಂಡರೆ ಮೊದಲಿನಿಂದಲೂ ಅಷ್ಟು ಅಕ್ಕರೆ.

ಕಡಲಪಾಚಿ ಒಣಗಿಸುವ ಕೆಲಸ ಈ ವಾರ ಮುಗಿಯಿತು. ನನ್ನ ಬೆರಳೆಲ್ಲ ಬಿರುಕು ಬಿಟ್ಟಿದೆ. ಚಾಪೆಗೆ ಪಾಚಿ ಹರಡುವಾಗ ಎದುರು ತುದಿ ಹಿಡಿಯಲು ಯಾರಾದರೂ ಇದ್ದಿದ್ದರೆ ಎನಿಸುತ್ತದೆ. ಈ ಸಲ ಕಲ್ಲು ಹೇರಿ ಹಿಡಿಸಿದೆ. ಕಲ್ಲು ಮಾತಾಡುವುದಿಲ್ಲ, ಹಾಡೂ ಹೇಳುವುದಿಲ್ಲ, ಆದರೆ ಬಿಟ್ಟು ಹೋಗುವುದಿಲ್ಲ.

ಸಭೆಗೆ ಹೊಸ ಪಾಸ್ಟರ್ ಬಂದಿದ್ದಾರೆ, ಪಟ್ಟಣದ ಹುಡುಗ. ಹೋದ ಭಾನುವಾರ ಬಾಗಿಲ ಬಳಿ ಗೂಟಕ್ಕೆ ನೇತುಹಾಕಿದ್ದ ಚೀಲಗಳನ್ನು ನೋಡಿ ಇದೇನು ಎಂದರು. ಮೀಸಲಕ್ಕಿ ಎಂದು ನಾನೇ ಹೇಳಿದೆ. ಪ್ರತಿ ಸಲ ಅನ್ನಕ್ಕಿಡುವಾಗ ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಚಮಚ ಅಕ್ಕಿ ತೆಗೆದು, ಒಂದೊಂದಕ್ಕೂ ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥಿಸಿ, ಚೀಲಕ್ಕೆ ಹಾಕುವುದು. ಭಾನುವಾರ ಅದನ್ನು ಸಭೆಗೆ ತರುವುದು. ಅದರಿಂದಲೇ ಪಾಸ್ಟರ ಮನೆಯ ಮಡಕೆಯೂ ಬೇಯುವುದು, ಹಾಸಿಗೆ ಹಿಡಿದವರ ಮನೆಯದೂ ಬೇಯುವುದು.

"ನಿಮ್ಮನೇಲಿ ಎಷ್ಟು ಜನ ಅಮ್ಮ?"

"ಮೂರು. ನಾನು, ಸೊಸೆ, ಮಗ."

ಅವರು ಮಾಲ್‌ಸುನ್ ಅಕ್ಕನ ಮುಖ ನೋಡಿದರು. ಚೀಲಗಳ ಉಸ್ತುವಾರಿ ಅವಳದೇ ತಾನೇ. ಅವಳು ಇದ್ದಕ್ಕಿದ್ದಂತೆ ಗೂಟದ ಧೂಳು ಒರೆಸತೊಡಗಿದಳು.

ಮರುದಿನ ಪಾಸ್ಟರ್ ಮನೆಗೇ ಬಂದರು. ಯೋಹಾನ್ ಇದ್ದ ಹಡಗು ಕಾಣೆಯಾಗಿ ಈ ನವೆಂಬರ್‌ಗೆ ಮೂರು ವರ್ಷ, ಅವನಿಗಾಗಿ ನೆನಪಿನ ಆರಾಧನೆ ಇಡೋಣವೇ ಎಂದು ಮೆಲ್ಲಗೆ ಕೇಳಿದರು.

"ಅದು ಸತ್ತೋರಿಗೆ ಮಾಡೋದು ಪಾಸ್ಟರ್," ಎಂದೆ. "ತಡವಾದೋರಿಗಲ್ಲ."

ಪಾಪ, ಬಾರ್ಲಿ ನೀರು ಕೂಡ ಪೂರ್ತಿ ಕುಡಿಯದೆ ಎದ್ದು ಹೋದರು.

ಇರಲಿ. ದೋಣಿ ಹತ್ತುವಾಗ ನೀನು ಏನೋ ಹೇಳಲು ಬಂದು ನುಂಗಿಕೊಂಡು ಹೊರಟುಬಿಟ್ಟೆ. ಏನದು? ಸಭೆಯ ಹೆಂಗಸರೆಲ್ಲ ನಿನ್ನನ್ನು ವಿಚಾರಿಸುತ್ತಿರುತ್ತಾರೆ. ಸತ್ಯವೇದದಲ್ಲಿ ಅತ್ತೆಯ ಕೈಬಿಡದೆ ಹಿಂದೆಯೇ ಹೋದಳಲ್ಲ, ಆ ಸೊಸೆಯ ಹೆಸರಿನಿಂದಲೇ ಇಲ್ಲಿ ನಿನ್ನನ್ನು ಕರೆಯುತ್ತಾರೆ. ಆ ಹೆಸರು ಕೇಳಿದಾಗೆಲ್ಲ ನನ್ನ ಬೆನ್ನು ಒಂದಿಷ್ಟು ನೆಟ್ಟಗಾಗುತ್ತದೆ. ಮುಂದಿನ ಚಳಿಗಾಲಕ್ಕಾದರೂ ಊರಿಗೇ ಬಂದುಬಿಡು.

ಯೋಹಾನನ ಅವ್ವ


ಬೂಸಾನ್
ಏಪ್ರಿಲ್ ೧೫, ೧೯೮೪

ಪೂಜ್ಯ ಅತ್ತೆಯವರಿಗೆ,

ಮೊದಲು ಸ್ತೋತ್ರ, ಆಮೇಲೆ ವಿಷಯ ಎಂದು ನೀವು ಕಲಿಸಿದ್ದೀರಿ. ಹಾಗೇ ಬರೆಯುತ್ತೇನೆ. ಚಳಿಗಾಲದ ಕೆಮ್ಮು ನಿಂತಿತು. ನೆಲದಡಿಯ ಒಲೆಯ ಹೊಗೆ ನುಗ್ಗುತ್ತಿದ್ದ ಬಿರುಕನ್ನು ಮನೆಯೊಡತಿ ಕೊನೆಗೂ ಮುಚ್ಚಿಸಿದಳು. ನಸುಕಿನ ಪ್ರಾರ್ಥನೆಗೆ ಗುಡ್ಡ ಇಳಿದು ಹೋಗುವ ಓಣಿಯಲ್ಲಿ ಈಗ ಒಂದು ದೀಪ ಉರಿಯುತ್ತಿರುತ್ತದೆ, ಮೆಟ್ಟಿಲು ಕಾಣುತ್ತದೆ. ಇದಕ್ಕೆಲ್ಲ ಸ್ತೋತ್ರ.

ಕಾಗದ ತಡವಾದದ್ದಕ್ಕೆ ಅಂಟು ಕಾರಣವಲ್ಲ. ಮಾಲ್‌ಸುನ್ ಅಕ್ಕನಿಗೆ ನನ್ನ ವಂದನೆ ಹೇಳಿ. ಬರೆಯಲು ಕೂತರೆ ಬರೆಯಬೇಕಾದದ್ದೇ ಮೊದಲು ಎದುರಿಗೆ ಬರುತ್ತಿತ್ತು, ಅದಕ್ಕೆ ಬರೆಯದೆ ಎದ್ದುಬಿಡುತ್ತಿದ್ದೆ. ದೋಣಿಯ ಹತ್ತಿರ ನುಂಗಿದ ಮಾತೂ ಅದೇ.

ಅದೇ ಹಡಗಿನಲ್ಲಿ ಅಡುಗೆಯವರಾಗಿದ್ದವರ ಹೆಂಡತಿ ಇಲ್ಲೇ ಬಂದರಿನ ಹತ್ತಿರ ಇರುತ್ತಾರೆ. ಪ್ರತಿ ವರ್ಷ ಆ ದಿನ ಗಂಡನಿಗೆ ನೆನಪಿನ ಆರಾಧನೆ ಇಡುತ್ತಾರೆ. ಹೋದ ವರ್ಷ ನನ್ನನ್ನೂ ಕರೆದರು. ಪಟ ಇಟ್ಟು, ಒಂದು ಕೀರ್ತನೆ ಹಾಡಿ, ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಅಪ್ಪನ ಬಗ್ಗೆ ಒಂದೊಂದು ಮಾತು ಹೇಳಿದರು. ಚಿಕ್ಕವನಿಗೆ ಅಪ್ಪನ ಮುಖವೇ ನೆನಪಿಲ್ಲ. "ಅಪ್ಪ ಮನೇಲಿದ್ದಾಗ ಮನೆ ಬೆಚ್ಚಗಿರ್ತಿತ್ತು," ಎಂದ. ಎಲ್ಲರೂ ನಕ್ಕರು. ಆಮೇಲೆ ಊಟ ಮಾಡಿದರು, ಮಾರನೆಯ ದಿನ ಕೆಲಸಕ್ಕೆ ಹೋದರು.

ನಾನು ಮಾತ್ರ ಅಲ್ಲಿ ಕಂಡವರ ಮನೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ನನ್ನ ಗಂಡನಿಗಾಗಿ ಅಳಲು ನನಗೆ ಬೇರೆಯವರ ಗಂಡನ ದಿನ ಬೇಕಾಯಿತು ಅತ್ತೆಮ್ಮ.

ಈ ನವೆಂಬರ್‌ನಲ್ಲಿ ನಾವೂ ಇಡೋಣ. ನಮ್ಮ ಮನೆಯಲ್ಲಿ, ನಮ್ಮ ಸಭೆಯವರ ನಡುವೆ. ಒಂದು ದಿನದ ರಜೆ ಹೇಗಾದರೂ ಕೇಳಿ ಪಡೆಯುತ್ತೇನೆ. ಕೋಪಿಸಿಕೊಳ್ಳುತ್ತೀರಿ ಎಂದು ಗೊತ್ತು. ಈಸ್ಟರ್‌ಗೆ ನಿಮಗಾಗಿ ಒಂದು ಸ್ವೆಟರ್ ಕಳಿಸುತ್ತಿದ್ದೇನೆ, ತೋಳು ಉದ್ದವಾದರೆ ಮಡಚಿಕೊಳ್ಳಿ.

ನಿಮ್ಮ ಸೊಸೆ
ಇನ್‌ಸುಕ್


ಸೊಲ್‌ಸೊಮ್ ದ್ವೀಪ
ಮೇ ೨೦, ೧೯೮೪

ಇನ್‌ಸುಕ್‌ಗೆ,

ಸ್ವೆಟರ್ ಬಂತು. ತೋಳು ಸರಿಯಾಗಿಯೇ ಇದೆ.

ನಿನ್ನ ಕಾಗದವನ್ನು ಮಡಚಿ ಸತ್ಯವೇದದೊಳಗೆ ಇಟ್ಟೆ, ಅಲ್ಲಿ ಇಡುವಂಥದ್ದಲ್ಲ ಎನಿಸಿತು, ತೆಗೆದು ಪೆಟ್ಟಿಗೆಯಲ್ಲಿ ಹಾಕಿದೆ. ಅಡುಗೆಯವನ ಹೆಂಡತಿ ಏನಾದರೂ ಮಾಡಿಕೊಳ್ಳಲಿ. ಅವಳ ಗಂಡನ ವಿಷಯ ಅವಳಿಗೆ ಗೊತ್ತು. ನನ್ನ ಮಗ ಸತ್ತ ಎಂದು ನನಗೆ ಯಾರು ಹೇಳಿದ್ದಾರೆ? ಹಡಗಿನ ಕಂಪನಿಯವರು ಹೇಳಿದರು. ಅವರು ನೋಡಿದರೇ? ಹಿಮಗಡಲಿನಲ್ಲಿ ಮೀನು ಹಿಡಿಯಲು ಹೋದವರು ಯಾವುದಾದರೂ ದೇಶದ ದಡ ಸೇರಿ, ಭಾಷೆ ಗೊತ್ತಿಲ್ಲದೆ, ಅಲ್ಲೇ ಯಾರದೋ ದನ ಕಾಯುತ್ತಿರಬಾರದೇ? ನಗಬೇಡ. ಯೋಹಾನ್‌ಗೆ ದನಗಳೆಂದರೆ ಇಷ್ಟ.

ಇನ್ನೊಂದು ಮಾತು ನಿನಗೆ ಹೇಳಬೇಕು. ಊರಿನಲ್ಲಿ ಸಭೆಗೆ ಬಾರದವರು ತಮ್ಮ ಸತ್ತವರಿಗೆ ವರ್ಷಕ್ಕೊಂದು ದಿನವಾದರೂ ಅನ್ನ ಬಡಿಸುತ್ತಾರೆ. ಮೇಜು ಹಾಕಿ, ಮೀನು ಹುರಿದು, ಬಟ್ಟಲ ತುಂಬ ಬಿಸಿ ಅನ್ನ ಇಟ್ಟು, ಅದರಲ್ಲಿ ಚಮಚ ನೆಟ್ಟು ಕಾಯುತ್ತಾರೆ. ನಮಗೆ ಅದು ಸಲ್ಲದು. ನಾನೂ ಒಪ್ಪಿದ್ದೇನೆ, ಮದುವೆಯಾದಂದಿನಿಂದ ಒಪ್ಪಿದ್ದೇನೆ. ಆದರೆ ಈ ಕೈ ಮೂವತ್ತು ವರ್ಷ ಅವನಿಗೆ ಉಣ್ಣಿಸಿದ ಕೈ. ಅದನ್ನು ನಾನು ಎಲ್ಲಿಡಲಿ? ಬೆಳಿಗ್ಗೆ ಸಂಜೆ ಆ ಒಂದು ಚಮಚ ಅಕ್ಕಿ ಚೀಲಕ್ಕೆ ಬೀಳುವ ಸದ್ದು ಇದೆಯಲ್ಲ, ಅದೊಂದೇ ಈಗ ನಾನು ಅವನಿಗೆ ಹಾಕುವ ಊಟ. ಆ ಅಕ್ಕಿ ಬದುಕಿರುವವರ ಹೆಸರಿಗೆ ಮಾತ್ರ. ನೆನಪಿನ ಆರಾಧನೆ ಮಾಡಿದ ಮರುದಿನ ನಾನು ಆ ಚಮಚ ತೆಗೆಯುವಂತಿಲ್ಲ. ನೀನು ಕೇಳುತ್ತಿರುವುದು ಅದನ್ನು.

ಕೇಳುವುದು ನನಗೂ ಇದೆ. ಪಾಚಿ ಕೊಳ್ಳುವ ವ್ಯಾಪಾರಿಯ ಹೆಂಡತಿ ಬೂಸಾನ್‌ಗೆ ಹೋಗಿದ್ದಳಂತೆ, ನಿನ್ನನ್ನು ಸಂತೆಯಲ್ಲಿ ಕಂಡಳಂತೆ.

"ನಿಮ್ಮ ಸೊಸೆ ದುಂಡಗಾಗಿದ್ದಾಳೆ ಕಣ್ರೀ," ಎಂದಳು. "ಎಲೆಕೋಸು ಹೊತ್ಕೊಂಡು ಹಿಂದೆ ಒಬ್ರು ಬರ್ತಿದ್ರು."

"ಕೂಲಿಯವನಿರ್ಬೇಕು."

"ಕೂಲಿಯವರು ಕೊಡೆ ಹಿಡೀತಾರಾ?"

ಅವಳಿಗೆ ಬಾಯಿ ಜಾಸ್ತಿ, ನನಗೆ ಗೊತ್ತು. ಆದರೂ ಕೇಳುತ್ತೇನೆ. ಎಲೆಕೋಸು ಹೊತ್ತವನು ಯಾರು?

ಯೋಹಾನನ ಅವ್ವ


ಬೂಸಾನ್
ಜುಲೈ ೨೨, ೧೯೮೪

ಪೂಜ್ಯ ಅತ್ತೆಯವರಿಗೆ,

ಈ ಸಲ ಸ್ತೋತ್ರ ಬರೆಯಲು ಕುಳಿತರೆ ಒಂದೇ ಹೊಳೆಯುತ್ತದೆ: ನೀವು ನೇರವಾಗಿ ಕೇಳಿದಿರಿ. ಅದಕ್ಕೆ ಸ್ತೋತ್ರ. ಕೇಳದಿದ್ದರೆ ನಾನು ಇನ್ನೂ ಎಷ್ಟು ದಿನ ನುಂಗುತ್ತಿದ್ದೆನೋ.

ಏಪ್ರಿಲ್‌ನಲ್ಲಿ ಓಣಿಯ ದೀಪದ ವಿಷಯ ಬರೆದಿದ್ದೆ. ಅದು ನಗರದವರು ಹಾಕಿದ ದೀಪವಲ್ಲ. ಗುಡ್ಡದ ಬುಡದಲ್ಲಿ ಸೈಕಲ್ ರಿಪೇರಿಯ ಅಂಗಡಿ ಇದೆ. ಚಳಿಗಾಲದಲ್ಲಿ ಒಂದು ನಸುಕಿನಲ್ಲಿ ನಾನು ಮಂಜುಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಮರುದಿನದಿಂದ ಆ ಅಂಗಡಿಯವರು ಪ್ರಾರ್ಥನೆಯ ಗಂಟೆಗೆ ಮುಂಚೆಯೇ ಎದ್ದು ಬಾಗಿಲು ತೆರೆದು ದೀಪ ಹಚ್ಚಿಡುತ್ತಾರೆ. ಒಂದು ತಿಂಗಳವರೆಗೆ ನಾವು ಮಾತೇ ಆಡಲಿಲ್ಲ. ಎಲೆಕೋಸು ಹೊತ್ತವರು ಅವರೇ.

ಅವರು ವಿಶ್ವಾಸಿಯಲ್ಲ. ಭಾನುವಾರ ಸಭೆಯ ಮೆಟ್ಟಿಲ ಮೇಲೆ ಕೂತಿರುತ್ತಾರೆ, ಒಳಗೆ ಬರುವುದಿಲ್ಲ. ಬನ್ನಿ ಎಂದರೆ, "ಕೈ ಎಲ್ಲ ಗ್ರೀಸು, ಮುಂದಿನ ವಾರ," ಎನ್ನುತ್ತಾರೆ. ಕೈ ಯಾವ ವಾರ ತೊಳೆದರೂ ಹಾಗೇ ಇರುತ್ತದೆ. ಯೋಹಾನ್ ವಿಷಯ ಎಲ್ಲವೂ ಅವರಿಗೆ ಗೊತ್ತು. "ನೀನು ಅವನಿಗಾಗಿ ಪ್ರಾರ್ಥನೆ ಮಾಡೋದು ಬಿಡ್ಬೇಡ, ಬಿಟ್ರೆ ನಂಗೆ ಭಯ ಆಗುತ್ತೆ," ಎಂದರು ಒಮ್ಮೆ. ಮದುವೆಯ ಮಾತು ಬಂದಿದೆ. ನಾನು ಇನ್ನೂ ಹೂಂ ಎಂದಿಲ್ಲ.

ಸರ್ಕಾರದವರ ಪ್ರಕಾರ ನಾನು ವಿಧವೆಯಾಗಿ ಎರಡು ವರ್ಷವಾಯಿತು. ಆ ಮಾತು ನನಗೆ ಸಾಲದು. ನಿಮ್ಮ ಚೀಲದಲ್ಲಿ ಯೋಹಾನನ ಅಕ್ಕಿ ಬೀಳುತ್ತಿರುವವರೆಗೆ ನಾನು ಗಂಡ ಬದುಕಿರುವವಳು. ನೀವು ಬಿಟ್ಟುಕೊಟ್ಟರೆ ಮಾತ್ರ ನಾನು ಬೇರೆ ಮನೆಗೆ ಹೋಗಬಲ್ಲೆ. ಕದ್ದು ಹೋಗಲಾರೆ ಅತ್ತೆಮ್ಮ. ನನ್ನನ್ನು ಬೈದರೂ ಸರಿ, ಹಾಗೆ ಹೋಗಲಾರೆ.

ನಿಮಗೆ ಹೇಳದ ಇನ್ನೊಂದಿದೆ. ನನಗೆ ಯೋಹಾನನ ದನಿ ಮರೆಯುತ್ತಿದೆ. ತಳಹಿಡಿದ ಅನ್ನ ಕೆರೆದು ತಿನ್ನುವಾಗ ಪಾತ್ರೆಯ ಸದ್ದು ನೆನಪಿದೆ, ಕೆಸರಿನ ಬೂಟನ್ನು ಹೊಸ್ತಿಲಿಗೆ ಬಡಿಯುತ್ತಿದ್ದದ್ದು ನೆನಪಿದೆ, ದನಿ ಮಾತ್ರ ಬರುವುದಿಲ್ಲ. ಮನೆಯಲ್ಲಿ ಅವರ ಮಾತೆತ್ತಿದರೆ ನೀವು "ಬರ್ತಾನೆ ಬಿಡು" ಎಂದು ಮುಗಿಸಿಬಿಡುತ್ತೀರಿ. ಬರುವವರ ಬಗ್ಗೆ ಯಾರೂ ನೆನಪು ಮಾಡಿಕೊಳ್ಳುವುದಿಲ್ಲ. ನಾನು ಅವರನ್ನು ಮರೆಯಲು ಅಪ್ಪಣೆ ಕೇಳುತ್ತಿಲ್ಲ. ನೆನೆಯಲು ಕೇಳುತ್ತಿದ್ದೇನೆ.

ಸೈಕಲ್ ಅಂಗಡಿಯವರ ಹೆಸರು ಬರೆದಿಲ್ಲ. ನೀವಾಗಿ ಕೇಳಿದ ದಿನ ಹೇಳುತ್ತೇನೆ. ಕೇಳದೆ ಹೇಳುವ ಧೈರ್ಯ ನನಗಿಲ್ಲ.

ಇನ್‌ಸುಕ್


ಸೊಲ್‌ಸೊಮ್ ದ್ವೀಪ
ಅಕ್ಟೋಬರ್ ೨, ೧೯೮೪

ಇನ್‌ಸುಕ್‌ಗೆ,

ಸುಗ್ಗಿಯ ಹುಣ್ಣಿಮೆಗೆ ನೀನು ಕಳಿಸಿದ ಬೂಟು ಬಂತು. ನೀನು ಬರಲಿಲ್ಲ, ನಾನೂ ಬಾ ಎಂದು ಬರೆದಿರಲಿಲ್ಲ. ಹಬ್ಬದ ದಿನ ಒಬ್ಬಳೇ ಕಡುಬು ಕಟ್ಟಿದೆ. ಯಾರಿಗೆಂದು ಕಟ್ಟಿದೆನೋ, ಎರಡು ತಿಂದು ಉಳಿದದ್ದನ್ನು ನಾಯಿಗೆ ಹಾಕಿದೆ. ನಾಯಿಯೂ ಸಾಕೆಂದು ಎದ್ದು ಹೋಯಿತು.

ನಿನ್ನ ಜುಲೈ ಕಾಗದಕ್ಕೆ ಉತ್ತರ ಬರೆಯದೆ ನಾನು ಏನು ಮಾಡಿದೆ ಎಂದು ಹೇಳುತ್ತೇನೆ. ಓದಿದ ಸಂಜೆ ಅನ್ನಕ್ಕಿಡಲು ಹೋದೆ. ನನ್ನ ಹೆಸರಿಗೆ ಒಂದು ಚಮಚ ತೆಗೆದೆ. ಯೋಹಾನ್ ಹೆಸರಿಗೆ ಒಂದು ತೆಗೆದೆ. ಡಬ್ಬಿಯ ಮುಚ್ಚಳ ಹಾಕಿದೆ. ಅಷ್ಟೇ. ಹೋಗುವವಳು ಹೋಗಲಿ, ಸೈಕಲ್ ಅಂಗಡಿಯವನು ಅಕ್ಕಿ ಹಾಕಲಿ ಎಂದುಕೊಂಡೆ. ಎರಡು ತಿಂಗಳು ನಿನ್ನ ಹೆಸರು ಹೇಳಿ ಪ್ರಾರ್ಥಿಸಲಿಲ್ಲ.

ಬೇಸಿಗೆಯೆಲ್ಲ ಮಾಲ್‌ಸುನ್ ಅಕ್ಕನಿಗೆ ಸೊಂಟ ಹಿಡಿದು ಮಲಗಿದ್ದಳು. ಚೀಲಗಳನ್ನು ಪಾಸ್ಟರ ಹೆಂಡತಿ ನೋಡಿಕೊಳ್ಳುತ್ತಿದ್ದಳು, ಆ ಹುಡುಗಿಗೆ ಯಾರ ಚೀಲ ಎಷ್ಟು ಭಾರ ಎಂದೇನು ಗೊತ್ತು. ಮೊನ್ನೆ ಭಾನುವಾರ ಅಕ್ಕ ಕೋಲೂರಿಕೊಂಡು ಸಭೆಗೆ ಬಂದಳು. ನನ್ನ ಚೀಲ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. ಸೊಂಟ ನೋಯುತ್ತಿರಬೇಕು ಎಂದುಕೊಂಡು, "ಹೋಗಿ ಮಲಕ್ಕೊ ಅಕ್ಕ," ಎಂದೆ.

ಸಂಜೆ ಅಂಗಳದಲ್ಲಿ ಎಳ್ಳು ಬಡಿಯುತ್ತಿದ್ದೆ. ನಾಯಿ ಬೊಗಳಿತು. ತಲೆಯೆತ್ತಿದರೆ ಇಡೀ ಸಭೆ ಬೇಲಿಯಾಚೆ ನಿಂತಿದೆ. ಹೆಂಗಸರು ಬಿಳಿ ಬಟ್ಟೆ ಉಟ್ಟಿದ್ದಾರೆ, ಪಾಸ್ಟರ್ ಕಪ್ಪು ಕೋಟು ಹಾಕಿದ್ದಾರೆ, ಉಪ್ಪಿನ ಗದ್ದೆಯ ಗಂಡಸರು ಕಾಲು ತೊಳೆದು ಬಂದಿದ್ದಾರೆ. ಇಬ್ಬರು ಸೇರಿ ಹೊತ್ತ ಪಾತ್ರೆಯಲ್ಲಿ ಕೆಂಪುಕಾಳಿನ ಗಂಜಿ. ಸಾವಿನ ಮನೆಗೆ ಕೊಂಡೊಯ್ಯುವ ಗಂಜಿ. ನಿನ್ನ ಆಣೆಗೂ ನನಗೆ ಏನೆಂದು ತಿಳಿಯಲಿಲ್ಲ.

ಮಾಲ್‌ಸುನ್ ಅಕ್ಕ ಬಂದು ತಬ್ಬಿಕೊಂಡಳು. "ಕೊನೆಗೂ ಬಿಟ್ಕೊಟ್ಯಲ್ಲೇ. ಒಳ್ಳೇದು ಮಾಡ್ದೆ. ಹೇಳ್ಬಾರ್ದಿತ್ತಾ, ಒಬ್ಬಳೇ ಹೇಗೆ ತಡ್ಕೊಂಡೆ?"

"ಏನ್ ಬಿಟ್ಕೊಟ್ಟೆ?"

"ಯೋಹಾನ್‌ನ. ಚೀಲ ಹಗುರ ಆಗಿತ್ತು."

ನಿನಗೆ ಗೊತ್ತಲ್ಲ ನಮ್ಮ ಸಭೆಯ ರೂಢಿ. ಮಗಳು ಮದುವೆಯಾಗಿ ಹೋದರೂ ತವರಲ್ಲಿ ಅವಳ ಚಮಚ ನಿಲ್ಲುವುದಿಲ್ಲ. ಮಗ ಸೈನ್ಯಕ್ಕೆ ಹೋದರೂ ನಿಲ್ಲುವುದಿಲ್ಲ. ಮನೆಯೊಂದರ ಚೀಲ ಹಗುರವಾಗುವುದು ಒಂದೇ ಕಾರಣಕ್ಕೆ.

ಅಲ್ಲ ಎಂದು ಹೇಳಬೇಕಲ್ಲ. ನಿಲ್ಲಿಸಿದ್ದು ಯೋಹಾನನ ಚಮಚವಲ್ಲ ಎಂದು ಹೇಳಬೇಕಲ್ಲ. ಹಾಗಾದರೆ ಯಾರದು ಎಂದು ಕೇಳುತ್ತಾರೆ. ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಬಾಗಿಲು ಹಾಕಿ ಹೇಳಿದೆ.

ಅವಳು ಕೋಲನ್ನು ಗೋಡೆಗೆ ಒರಗಿಸಿದಳು. ಆಮೇಲೆ, "ಬದುಕಿರೋಳನ್ನ ತೆಗೆದ್ಯಾ?" ಎಂದಳು.

ಬೈಯಲಿಲ್ಲ ಇನ್‌ಸುಕ್. ಬೈದಿದ್ದರೆ ನಾನೂ ತಿರುಗಿಸಿ ನಾಲ್ಕು ಅನ್ನುತ್ತಿದ್ದೆ. ನಾನು ಒಲೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಣ್ಣೆದುರಿಗೇ ಇತ್ತು, ಕಂಡಿರಲಿಲ್ಲ. ಮೂರು ವರ್ಷದಿಂದ ಸುದ್ದಿಯಿಲ್ಲದವನಿಗೆ ಹೊತ್ತು ಹೊತ್ತಿಗೆ ಹಾಕುತ್ತಿದ್ದೆ. ಚಳಿಗೆಂದು ಸ್ವೆಟರ್ ಕಳಿಸಿದವಳನ್ನು, ಕಾಲಿಗೆಂದು ಬೂಟು ಕಳಿಸಿದವಳನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದ್ದೆ. ಅದೂ ದೇವರೆದುರಿಗೆ, ಪ್ರಾರ್ಥನೆಯಲ್ಲಿ. ಅಷ್ಟು ಜನ ಗಂಜಿ ಹೊತ್ತು ಬಂದದ್ದು ನಿನ್ನ ಸಾವಿಗೆ.

"ಈಗೇನ್ ಮಾಡೋಣ?" ಎಂದಳು ಅಕ್ಕ. "ಗಂಜಿ ವಾಪಸ್ ತಗೊಂಡ್ ಹೋಗ್ಲಾ?"

"ಬೇಡ, ಎಲ್ರೂ ಹಸ್ಕೊಂಡಿದ್ದಾರೆ."

ಹೊರಗೆ ಬಂದು ಪಾಸ್ಟರಿಗೆ ಹೇಳಿದೆ. ಇವತ್ತು ಆರಾಧನೆ ಬೇಡ, ಅವನ ಹೆಂಡತಿ ಇಲ್ಲದೆ ಹೇಗೆ ಮಾಡುವುದು, ನವೆಂಬರ್‌ನಲ್ಲಿ ಅವಳು ಬರಲಿ, ಆಗ ಮಾಡೋಣ ಎಂದೆ. ನನ್ನ ಬಾಯಿಂದ ಆ ಮಾತು ಬಂತು. ಅವರು ಪುಸ್ತಕ ಮುಚ್ಚಿದರು. ಎಲ್ಲರೂ ಕೂತು ಗಂಜಿ ಕುಡಿದರು. ಕುಡಿಯುತ್ತ ಉಪ್ಪಿನ ಗದ್ದೆಯ ಮುದುಕ ಶುರುಮಾಡಿದ: ಸುಗ್ಗಿಯ ಭಾನುವಾರ ವೇದಿಕೆಯ ಮೇಲೆ ಜೋಡಿಸಿದ ಗೆಣಸನ್ನು ಯೋಹಾನ್ ಕದ್ದು, ಕಚ್ಚಿದ ಮಗ್ಗುಲನ್ನು ಹಿಂದೆ ತಿರುಗಿಸಿಟ್ಟಿದ್ದ ಎಂದು. ಇನ್ನೊಬ್ಬಳು ಹೇಳಿದಳು, ಮತ್ತೊಬ್ಬಳು ಹೇಳಿದಳು. ನನಗೆ ಗೊತ್ತೇ ಇಲ್ಲದ ಎಷ್ಟೋ. ಮೂರು ವರ್ಷ ಯಾರೂ ನನ್ನ ಮುಂದೆ ಅವನ ಕಥೆ ಎತ್ತಿರಲಿಲ್ಲ. ನಾನೇ ಎತ್ತಗೊಡುತ್ತಿರಲಿಲ್ಲ. ಜುಲೈನಲ್ಲಿ ನೀನು ಬರೆದದ್ದು ಆಗ ಅರ್ಥವಾಯಿತು.

ಆಮೇಲೆ ಸತ್ಯವೇದ ತೆಗೆದು ಆ ಅತ್ತೆ ಸೊಸೆಯರ ಕಥೆ ಮತ್ತೆ ಓದಿದೆ. ಗಂಡನನ್ನು ಕಳೆದುಕೊಂಡ ಸೊಸೆಯರು ಇಬ್ಬರು. ಒಬ್ಬಳು ಹಿಂದೆ ಬಂದಳು. ಇನ್ನೊಬ್ಬಳು ಅತ್ತು, ಅತ್ತೆಗೆ ಮುತ್ತಿಟ್ಟು, ತವರಿಗೆ ತಿರುಗಿದಳು. ಹೋಗು ಎಂದವಳು ಅತ್ತೆಯೇ. ಆ ಎರಡನೆಯವಳನ್ನು ಕುರಿತು ಅಲ್ಲಿ ಒಂದು ಕೆಟ್ಟ ಮಾತೂ ಇಲ್ಲ. ಅವಳ ಹೆಸರೇನೆಂದು ಸಭೆಯಲ್ಲಿ ಕೇಳಿದೆ. ಪಾಸ್ಟರ್ ಒಬ್ಬರನ್ನು ಬಿಟ್ಟು ಯಾರಿಗೂ ನೆನಪಿರಲಿಲ್ಲ.

ಬಾ. ನಿನ್ನ ಚಮಚ ಅಂದು ಸಂಜೆಯಿಂದಲೇ ಮತ್ತೆ ಹಾಕುತ್ತಿದ್ದೇನೆ.

ಯೋಹಾನನ ಅವ್ವ


ಬೂಸಾನ್
ಅಕ್ಟೋಬರ್ ೨೧, ೧೯೮೪

ಅತ್ತೆಮ್ಮನಿಗೆ,

ಕಾಗದವನ್ನು ಕಾರ್ಖಾನೆಯ ಶೌಚಾಲಯದಲ್ಲಿ ನಿಂತು ಓದಿದೆ. ಮೇಸ್ತ್ರಿ ಬಾಗಿಲು ಬಡಿಯುತ್ತಿದ್ದಳು. "ಸತ್ಯೇನೇ ಒಳಗೆ?" ಎಂದು ಕೂಗಿದಳು. ಅಳುತ್ತಿದ್ದವಳಿಗೆ ನಗು ಬಂತು. ಇಲ್ಲ, ಬದುಕಿದ್ದೇನೆ ಎಂದೆ.

ನೀವು ನನ್ನನ್ನು ತೆಗೆದದ್ದರಿಂದ ನೋವಾಯಿತು. ಸುಳ್ಳು ಹೇಳುವುದಿಲ್ಲ. ಆದರೆ ತೆಗೆದದ್ದನ್ನು ನೀವೇ ಬರೆದು ಹೇಳಿದಿರಿ. ನಾನಾಗಿದ್ದರೆ ಮುಚ್ಚಿಡುತ್ತಿದ್ದೆ.

ನವೆಂಬರ್ ಹದಿನೇಳರ ಶನಿವಾರ ಬರುತ್ತೇನೆ. ಭಾನುವಾರ ಸುಗ್ಗಿಯ ಆರಾಧನೆ ಮುಗಿಸಿಕೊಂಡು ಹೊರಡಬೇಕು. ಸೈಕಲ್ ಅಂಗಡಿಯವರು ಮೊಕ್‌ಪೊ ಬಂದರಿನವರೆಗೆ ಜೊತೆಗೆ ಬರುತ್ತಾರಂತೆ, ದೋಣಿ ಹತ್ತುವುದಿಲ್ಲ. ದ್ವೀಪಕ್ಕೆ ಕಾಲಿಡುವುದು ನಿಮ್ಮ ಮಾತಿಲ್ಲದೆ ಆಗದು ಎಂದು ಅವರೇ ಹೇಳಿದರು.

ಯೋಹಾನ್‌ನ ಯಾವ ಪಟ ಇಡುತ್ತೀರಿ? ಮದುವೆಯದು ಬೇಡ. ಅದರಲ್ಲಿ ಅವರ ಕಾಲರ್ ಬಿಗಿಯಾಗಿ ಉಸಿರುಗಟ್ಟಿದಂತಿದ್ದಾರೆ.

ಇನ್‌ಸುಕ್


ಸೊಲ್‌ಸೊಮ್ ದ್ವೀಪ
ಡಿಸೆಂಬರ್ ೯, ೧೯೮೪

ಇನ್‌ಸುಕ್‌ಗೆ,

ನೀನು ಹೋದ ಮೇಲೆ ಮನೆ ದೊಡ್ಡದಾಗಿದೆ. ಪಾಚಿಯ ಕೆಲಸ ಮತ್ತೆ ಶುರುವಾಯಿತು, ಕಲ್ಲುಗಳನ್ನು ಹುಡುಕಿ ತಂದಿದ್ದೇನೆ.

ಆ ಶನಿವಾರದ ಆರಾಧನೆಯ ಬಗ್ಗೆ ನಾವಿಬ್ಬರೂ ಒಬ್ಬರಿಗೊಬ್ಬರು ಹೆಚ್ಚು ಮಾತಾಡಲಿಲ್ಲ. ನಿನ್ನ ಸರದಿ ಬಂದಾಗ ನೀನು ತಳಹಿಡಿದ ಅನ್ನದ ಕಥೆ ಹೇಳುತ್ತೀಯೆಂದು ಕಾದಿದ್ದೆ. ನೀನು ಹೇಳಿದ್ದು ಬೇರೆ. ಹಡಗು ಹತ್ತುವ ಮುಂಚೆ ಯೋಹಾನ್ ನಿನ್ನ ಕಿವಿಯಲ್ಲಿ, "ಅವ್ವನ ಬಾಯಿಗೆ ಹೆದರ್ಬೇಡ, ಕೈ ನೋಡು," ಎಂದನಂತೆ. ಅದನ್ನು ಹೇಳುವಾಗ ನಿನ್ನ ದನಿ ಒಂದು ಗಳಿಗೆ ಅವನ ದನಿಯ ಹಾಗೇ ಆಯಿತು. ನಾನು ಕೇಳಿದೆ. ನೀನೂ ಕೇಳಿದೆಯಾ? ನೀನು ಆ ದನಿ ಮರೆತಿಲ್ಲ ಅನ್ನುವುದಕ್ಕೆ ಹೇಳುತ್ತಿದ್ದೇನೆ.

ನನ್ನ ಸರದಿಯಲ್ಲಿ ನಾನು ಏನೂ ಹೇಳಲಾರದೆ ಕೂತಿದ್ದೆ. ಮರುದಿನ ಸುಗ್ಗಿಯ ಆರಾಧನೆಯಲ್ಲಿ ಎಲ್ಲರೂ ಸ್ತೋತ್ರದ ಮಾತು ಬರೆದು ಕೊಟ್ಟರಲ್ಲ, ಪಾಸ್ಟರ್ ಒಂದೊಂದೇ ಓದಿದರು. ಹಂದಿ ಈದದ್ದಕ್ಕೆ, ಕಣ್ಣಿನ ಪೊರೆ ತೆಗೆದದ್ದಕ್ಕೆ, ಮಗ ಪರೀಕ್ಷೆ ಪಾಸಾದದ್ದಕ್ಕೆ. ನನ್ನದು ಬಂದಾಗ ಅವರು ಎರಡು ಸಲ ಕಣ್ಣಾಡಿಸಿದರು. "ತಪ್ಪಿ ಬಂದ ಗಂಜಿಗೆ ಸ್ತೋತ್ರ." ಸಭೆಯೆಲ್ಲ ಮಿಕಮಿಕ ನೋಡಿತು. ಮಾಲ್‌ಸುನ್ ಅಕ್ಕ ಒಬ್ಬಳು ಬಾಯಿಗೆ ಕೈ ಒತ್ತಿಕೊಂಡು ನಕ್ಕಳು. ನೀನು ನನ್ನ ಮಂಡಿಯ ಮೇಲೆ ಕೈಯಿಟ್ಟೆ, ತೆಗೆಯಲಿಲ್ಲ.

ದೋಣಿಯ ಹತ್ತಿರ ಕಿಮ್ಚಿ ಉಪ್ಪಿನಕಾಯಿಯ ಜಾಡಿ ಕೊಟ್ಟೆನಲ್ಲ. ಇದನ್ನು ಹೇಗೆ ಹೊರಲಿ ಅತ್ತೆಮ್ಮ ಎಂದು ಗೋಗರೆದೆ. ಬೇಕೆಂದೇ ಅಷ್ಟು ದೊಡ್ಡದು ತುಂಬಿದ್ದೆ. ಮೊಕ್‌ಪೊದಲ್ಲಿ ಎಲೆಕೋಸು ಹೊರುವವನು ಸುಮ್ಮನೆ ನಿಂತಿದ್ದಾನೆ, ಹೊರಲಿ ಎಂದುಕೊಂಡೆ. ಬಾಯಿಬಿಟ್ಟು ಹೇಳಲು ಆಗ ಆಗಲಿಲ್ಲ. ಹೋಗು ಎನ್ನುವುದೂ ಆಗಲಿಲ್ಲ. ಈಗ ಬರೆಯುತ್ತೇನೆ. ಹೋಗು ಇನ್‌ಸುಕ್. ವಸಂತದಲ್ಲಿ ಮದುವೆ ಮಾಡಿಕೊ. ಕದ್ದು ಹೋಗುತ್ತಿಲ್ಲ ನೀನು, ನಾನು ಕಳಿಸುತ್ತಿದ್ದೇನೆ. 

ಸೋಮವಾರ ಬೆಳಿಗ್ಗೆ ಅನ್ನಕ್ಕಿಡಲು ಹೋದೆ. ನನ್ನದೊಂದು ಚಮಚ. ನಿನ್ನದೊಂದು. ಮೂರನೆಯದಕ್ಕೆ ಕೈ ತಾನಾಗಿ ಡಬ್ಬಿಯೊಳಗೆ ಹೋಯಿತು, ಅಕ್ಕಿ ತುಂಬಿಕೊಂಡು ಮೇಲೆ ಬಂತು. ಚೀಲದ ಬಾಯಿಯವರೆಗೆ ಹೋಗಿ ನಿಂತಿತು. ಹಾಕುವಂತಿಲ್ಲ, ಹಿಂದಕ್ಕೆ ಸುರಿಯಲು ಮನಸ್ಸು ಬಾರದು. ಒಲೆಯ ನೀರು ಕುದಿದು ಉಕ್ಕಿತು, ನಾನು ಹಾಗೇ ನಿಂತಿದ್ದೆ. ನಿಂತೇ ಅತ್ತುಬಿಟ್ಟೆ. ಅವನು ಸತ್ತಿದ್ದಾನೆ ಎಂದು ನನಗೆ ಆ ಒಲೆಯ ಮುಂದೆ ತಿಳಿಯಿತು, ಶನಿವಾರ ಅಲ್ಲ. ಆಮೇಲೆ ಆ ಚಮಚವನ್ನು ಚೀಲಕ್ಕೆ ಹಾಕಿದೆ.

ಮುಂದಿನ ಭಾನುವಾರ ಮಾಲ್‌ಸುನ್ ಅಕ್ಕ ನನ್ನ ಚೀಲ ಎತ್ತಿ ನೋಡಿದಳು. ಮುಖ ಗಂಟಿಕ್ಕಿದಳು.

"ಭಾರ ಇಳಿದೇ ಇಲ್ವಲ್ಲೇ. ಇನ್ನೂ ಬಿಟ್ಟಿಲ್ವಾ ಅವನ್ನ?"

"ಬಿಟ್ಟೆ ಅಕ್ಕ. ಅವನು ಹೋದ."

"ಮತ್ತೆ ಮೂರನೇದು ಯಾರ್ದು?"

"ಎಲೆಕೋಸು ಹೊರೋನ್ದು."

ಅವಳು ಚೀಲವನ್ನು ಗೂಟಕ್ಕೆ ಹಾಕಿದಳು. ಹಾಕಿದ ಮೇಲೆ, "ಹೆಸರೇನಂತೆ?" ಎಂದಳು. ಗೊತ್ತಿಲ್ಲ ಎಂದೆ.

ಪ್ರತಿ ಚಮಚಕ್ಕೂ ಹೆಸರು ಹೇಳಬೇಕಲ್ಲ. ಮೂರು ವಾರದಿಂದ ಕರ್ತನ ಮುಂದೆ ಅವನನ್ನು ಎಲೆಕೋಸಿನವನೇ ಎಂದು ಕರೆಯುತ್ತಿದ್ದೇನೆ. ಕರ್ತನಿಗೆ ಯಾರೆಂದು ಗೊತ್ತಿರುತ್ತದೆ, ನನಗೇ ಸರಿ ಕಾಣುವುದಿಲ್ಲ. ನಾನಾಗಿ ಕೇಳಿದ ದಿನ ಹೇಳುತ್ತೇನೆ ಎಂದು ನೀನು ಬರೆದಿದ್ದೆ.

ಕೇಳುತ್ತಿದ್ದೇನೆ. ಅವನ ಹೆಸರೇನು?

ನಿನ್ನ ಅವ್ವ
ಓ ಸುಂದೊಕ್